ಆಟಕ್ಕೊಂದು ಕೊನೆ ಬೇಡವೆ?

ಕಳೆದ ತಿಂಗಳು ನಮ್ಮ ಕಾಲೇಜಿನ ಕನ್ನಡ ಸಂಘದ ಸಭೆಗೆ ಅಧ್ಯಕ್ಷರಾಗಿ ಬಂದಿದ್ದ ಹಿರಿಯರೊಬ್ಬರು, ಹಳಗನ್ನಡ ಕಾವ್ಯಕ್ಕೆಂದು ಇಟ್ಟ ಹೊತ್ತನ್ನೆಲ್ಲ ಇಂದಿನ ತರುಣರ ಆಟಗಳ ಮೇಲೆ ಖರ್ಚುಮಾಡಿದರು. ಪರದೆಯ ಮುಂದೆ ಕುಳಿತು ಬೆರಳಾಡಿಸುವ ಆಟಗಳೆಲ್ಲ ಒಂದೇ ಜಾತಿಯವು. ಹಳೆಯದೂ ಒಂದೆ, ಹೊಸದೂ ಒಂದೆ. ಅವು ಬುದ್ಧಿಗೆ ಹತ್ತಿದ ಗೆದ್ದಲು. ಅವನ್ನು ಆಡುವವನು ಓದುವವನಾಗಲಾರ – ಇದು ಅವರ ಭಾಷಣದ ಸಾರ. ಸಭೆ ಚಪ್ಪಾಳೆ ತಟ್ಟಿತು. ತಟ್ಟಿದವರಲ್ಲಿ ನಾನೂ ಒಬ್ಬ. ವೇದಿಕೆಯ ಮೇಲೆ ಕುಳಿತವನಿಗೆ ಬೇರೆ ದಾರಿ ಇರುವುದಿಲ್ಲ. ಆದರೆ ಆ ಚಪ್ಪಾಳೆಯ ಋಣ ಅಂದಿನಿಂದ ನನ್ನನ್ನು ಕಾಡುತ್ತಿದೆ. ಅದನ್ನು ಇಲ್ಲಿ ತೀರಿಸಿಬಿಡುತ್ತೇನೆ.

ಮೊದಲು ನನ್ನ ತಪ್ಪೊಪ್ಪಿಗೆ. ಹಗಲು ಹೊತ್ತು ಛಂದಸ್ಸು, ಅಲಂಕಾರ ಎಂದು ಪಾಠ ಹೇಳುವ ನಾನು, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಬೂದುಬಣ್ಣದ ಒಂದು ಪುಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು ಆಡುತ್ತೇನೆ. ಅದರ ಹೆಸರು ಗೇಮ್ ಬಾಯ್. ಮಸ್ಕತ್ತಿನಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ 1992ರ ಬೇಸಗೆ ರಜೆಯಲ್ಲಿ ಊರಿಗೆ ಬಂದಾಗ ತಂದುಕೊಟ್ಟದ್ದು. ಅದರೊಡನೆ ಬಂದ ಆಟ ಒಂದೇ ಒಂದು: ಸೋಲಾರ್ ಸ್ಟ್ರೈಕರ್. ಪರದೆಯ ಕೆಳಗಡೆ ನಮ್ಮದೊಂದು ಪುಟ್ಟ ವ್ಯೋಮನೌಕೆ. ಮೇಲಿನಿಂದ ಸಾಲುಸಾಲಾಗಿ ಇಳಿದುಬರುವ ಶತ್ರುಗಳು. ತಪ್ಪಿಸಿಕೊಳ್ಳುತ್ತ ಗುಂಡು ಹಾರಿಸುತ್ತ ಮುಂದೆ ಸಾಗಬೇಕು. ಒಟ್ಟು ಆರು ಘಟ್ಟಗಳು. ಪ್ರತಿ ಘಟ್ಟದ ಕೊನೆಗೂ ಒಬ್ಬ ದೊಡ್ಡ ಎದುರಾಳಿ. ಕಥೆ ಎಂದರೆ ಇಷ್ಟೆ. ನನ್ನ ಹನ್ನೊಂದನೆಯ ವಯಸ್ಸಿನಲ್ಲಿ ಮನೆಯ ಜಗಲಿಯಲ್ಲಿ ಕುಳಿತು ಆಡಿದ ಈ ಆಟವನ್ನು ನಾಲ್ವತ್ತು ದಾಟಿದ ಮೇಲೆಯೂ ಆಡುತ್ತಿದ್ದೇನೆ. ಓದುವುದನ್ನಂತೂ ಬಿಟ್ಟಿಲ್ಲ. ಹಿರಿಯರ ಸಿದ್ಧಾಂತಕ್ಕೆ ನಾನೇ ಒಂದು ಅಪವಾದವೆಂದು ಹೇಳಿ ಈ ಲೇಖನವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಒಬ್ಬನ ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ. ಆದ್ದರಿಂದ ವಿಚಾರಕ್ಕೇ ಬರೋಣ.

ನಮ್ಮ ಹಿರಿಯರು ಕನ್ನಡದ ವಿದ್ವಾಂಸರು. ಅವರು ಮರೆತದ್ದು ಒಂದು ಕನ್ನಡ ಶಬ್ದವನ್ನೇ. ‘ಆಟ’ ಎಂಬ ಮಾತು ನಮ್ಮಲ್ಲಿ ಹಗುರವಾದದ್ದಲ್ಲ. ನಾವು ಮಾತನ್ನೂ ಆಡುತ್ತೇವೆ. ಮಾತು ‘ಆಡಿ’ ತಪ್ಪಬಾರದು ಎನ್ನುತ್ತೇವೆ. ನಮ್ಮ ಕರಾವಳಿಯಲ್ಲಿ ‘ಇವತ್ತು ಆಟ ಉಂಟು’ ಎಂದರೆ ರಾತ್ರಿ ಯಕ್ಷಗಾನವಿದೆ ಎಂದೇ ಅರ್ಥ. ಬಯಲುಸೀಮೆಯವರದು ಬಯಲಾಟ, ದೊಡ್ಡಾಟ. ಇಷ್ಟು ದೊಡ್ಡ ಮನೆಯಲ್ಲಿ ಒಂದು ಕೆಟ್ಟ ನೆಂಟ ಬಂದು ಸೇರಿಕೊಳ್ಳಬಾರದೆಂದು ನಮ್ಮ ಭಾಷೆ ಅದಕ್ಕೆ ಬೇರೆ ಹೆಸರನ್ನೇ ಇಟ್ಟಿತು: ಜೂಜು. ಆಟವೂ ಜೂಜೂ ಒಂದೇ ಹಲಗೆಯ ಮೇಲೆ, ಒಂದೇ ದಾಳದಿಂದ ನಡೆದಾವು. ಆದರೂ ಅವು ಎರಡೆಂದು ಅಜ್ಜಿಯರಿಗೂ ಗೊತ್ತಿತ್ತು. ಚೌಕಾಬಾರದ ಮನೆ ಬರೆದುಕೊಟ್ಟ ಅಜ್ಜಿಯೇ ಇಸ್ಪೀಟಿನ ಅಡ್ಡೆಗೆ ಹೋದ ಮಗನಿಗೆ ಬಾಗಿಲು ಹಾಕುತ್ತಿದ್ದಳು. ಈ ವಿವೇಕ ಇಂದಿನ ವೇದಿಕೆಗಳ ಮೇಲೆ ಕಾಣೆಯಾಗಿದೆ.

ಸರಕಾರಗಳಿಗೂ ಈ ಗೆರೆ ಎಳೆಯುವುದು ಸುಲಭವಾಗಿಲ್ಲ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಯನ್ನು ತಿದ್ದಿ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ನಮ್ಮ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆಯೇ ಬಂದು ಹಣವಿಟ್ಟು ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕಾನೂನು ಗೆರೆ ಎಳೆದದ್ದು ಹಣದ ಮೇಲೆ. ಅದು ಬೇಕಾದದ್ದೇ. ಆದರೆ ಒಬ್ಬ ಮೇಷ್ಟರಾಗಿ ನಾನು ಎಳೆಯಬಯಸುವ ಗೆರೆ ಇನ್ನೊಂದಿದೆ: ಈ ಆಟಕ್ಕೆ ಕೊನೆ ಎಂಬುದು ಇದೆಯೆ, ಇಲ್ಲವೆ?

ನಾನು ಈ ಪ್ರಶ್ನೆಯನ್ನು ಕಲಿತದ್ದು ನನ್ನ ವಿದ್ಯಾರ್ಥಿಯೊಬ್ಬನಿಂದ. ಹುಡುಗ ಚುರುಕು, ಹಳ್ಳಿಯಿಂದ ಬಂದವನು, ಹಾಸ್ಟೆಲಿನ ಹಣ ಕಟ್ಟಿಲ್ಲವೆಂದು ನನ್ನ ಬಳಿಗೆ ಬಂದ. ಕೇಳುತ್ತ ಹೋದಂತೆ ವಿಷಯ ಹೊರಬಿತ್ತು. ಫೋನಿನಲ್ಲಿ ಆಡುವ ಒಂದು ಆಟ. ಅದರಲ್ಲಿ ಮುಚ್ಚಿದ ಪೆಟ್ಟಿಗೆಗಳನ್ನು ಕೊಳ್ಳಬೇಕು. ಪೆಟ್ಟಿಗೆಯೊಳಗೆ ಒಂದು ಉಡುಪೋ ಒಂದು ಆಯುಧವೋ ಇರುತ್ತದೆ, ಏನಿದೆಯೆಂದು ತೆರೆಯುವವರೆಗೆ ಗೊತ್ತಿಲ್ಲ. ನೂರು ರೂಪಾಯಿ, ಇನ್ನೊಂದು ನೂರು ರೂಪಾಯಿ ಎಂದು ಅಪ್ಪ ಕಳಿಸಿದ ಹಣವೆಲ್ಲ ಆ ಪೆಟ್ಟಿಗೆಗಳಿಗೆ ಹೋಗಿತ್ತು. ಗೆದ್ದ ಉಡುಪನ್ನು ಮಾರಿ ಹಣ ಮಾಡುವಂತಿಲ್ಲ. ಆದ್ದರಿಂದ ಹಣಕ್ಕೆ ಹಣ ಎಂಬ ಕಾನೂನಿನ ಕಣ್ಣು ಅದರ ಮೇಲೆ ಬೀಳುವುದು ಕಷ್ಟ. ನಾನು ಸಿಟ್ಟಿನಿಂದ, ‘ನಿಲ್ಲಿಸಬೇಕೆಂದು ನಿನಗೆ ಒಂದು ದಿನವೂ ಅನ್ನಿಸಲಿಲ್ಲವೇನಯ್ಯಾ?’ ಎಂದೆ. ಅವನು ತಲೆ ತಗ್ಗಿಸಿ ಹೇಳಿದ: ‘ಸೋತಿದ್ದರೆ ನಿಲ್ಲಿಸುತ್ತಿದ್ದೆ ಸಾರ್. ಅದು ಸೋಲೋಕೇ ಬಿಡಲ್ಲ.’

ಈ ಮಾತನ್ನು ನಮ್ಮ ಅಧ್ಯಕ್ಷರು ಕೇಳಬೇಕಿತ್ತು. ಸೋಲಲು ಬಿಡದ ಆಟ! ಜಾಹೀರಾತು ನೋಡಿದರೆ ಸತ್ತ ಜೀವ ಮರಳಿ ಬರುತ್ತದೆ. ಹತ್ತು ರೂಪಾಯಿ ಕೊಟ್ಟರೆ ನಿಂತ ಆಟ ಮುಂದುವರಿಯುತ್ತದೆ. ಒಂದು ದಿನ ಬಾರದಿದ್ದರೆ ನೆನ್ನೆಯ ಬಹುಮಾನ ಹೋಯಿತೆಂದು ಹೆದರಿಸುತ್ತದೆ. ಮುಗಿಯಿತೆಂದುಕೊಂಡರೆ ಹೊಸ ಋತು, ಹೊಸ ಪೆಟ್ಟಿಗೆ. ಇದು ಸಾಹುಕಾರನ ಸಾಲದ ಲೆಕ್ಕದ ಹಾಗೆ, ತೀರಿಸುತ್ತಿರಬೇಕು, ತೀರಬಾರದು. ಇದನ್ನು ಬೈಯಿರಿ, ನಾನೂ ನಿಮ್ಮೊಡನೆ ದನಿಗೂಡಿಸುತ್ತೇನೆ. ಆದರೆ ಇದನ್ನೂ, ಸೋಲನ್ನೇ ಗುರುವಾಗಿ ಮಾಡಿಕೊಂಡಿದ್ದ ಹಳೆಯ ಆಟವನ್ನೂ ಒಂದೇ ಗೋಣಿಯಲ್ಲಿ ಕಟ್ಟಿ ಹೊಳೆಗೆ ಎಸೆಯುವುದು ನ್ಯಾಯವೆ?

ಹಳೆಯ ಆಟ ಹೇಗಿತ್ತು ನೋಡಿ. ನಿಂಟೆಂಡೊ ಕಂಪೆನಿಯ ಗೇಮ್ ಬಾಯ್ ಜಪಾನಿನಲ್ಲಿ ಹೊರಬಂದದ್ದು 1989ರ ಏಪ್ರಿಲಿನಲ್ಲಿ. ಸೋಲಾರ್ ಸ್ಟ್ರೈಕರ್ ಬಂದದ್ದು ಮರುವರ್ಷದ ಜನವರಿಯಲ್ಲಿ. ಯಂತ್ರವನ್ನು ರೂಪಿಸಿದವರ ಮುಖ್ಯಸ್ಥ ಗುನ್‌ಪೆ ಯೊಕೊಯಿ. ಆತನ ಸಿದ್ಧಾಂತ ವಿಚಿತ್ರವಾದದ್ದು: ಹೊಚ್ಚ ಹೊಸ ಯಂತ್ರವಿದ್ಯೆಯ ಬೆನ್ನು ಹತ್ತಬೇಡಿ, ಹಳತಾಗಿ, ಅಗ್ಗವಾಗಿ, ಎಲ್ಲರ ಕೈಗೂ ಪಳಗಿದ ವಿದ್ಯೆಯನ್ನು ಹಿಡಿದು ಅದನ್ನು ಯಾರೂ ನೋಡದ ಮಗ್ಗುಲಿನಿಂದ ನೋಡಿ. ಆದ್ದರಿಂದಲೇ ಅದಕ್ಕೆ ಬಣ್ಣವಿಲ್ಲ. ಪರದೆಗೆ ಸ್ವಂತ ಬೆಳಕಿಲ್ಲ. ಹಸಿರುಮಿಶ್ರಿತ ಹಿನ್ನೆಲೆಯ ಮೇಲೆ ನಾಲ್ಕೇ ನಾಲ್ಕು ಛಾಯೆಗಳು. ಕಿಟಕಿಯ ಬಳಿ ಕುಳಿತರೆ ಆಟ, ಕರೆಂಟು ಹೋದರೆ ಕತ್ತಲೆ. ಅದೇ ಕಾಲದಲ್ಲಿ ಅಟಾರಿಯವರ ಲಿಂಕ್ಸ್, ಸೆಗಾದವರ ಗೇಮ್ ಗಿಯರ್ ಎಂಬ ಬಣ್ಣದ ಯಂತ್ರಗಳು ಬಂದವು. ಆರಾರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿ ನೀರು ಕುಡಿದವು. ನಾಲ್ಕು ಪೆನ್ಸಿಲ್ ಸೆಲ್ಲುಗಳಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿದ್ದ ಬಡ ಗೇಮ್ ಬಾಯ್ ತನ್ನ ತಮ್ಮನಾದ ಗೇಮ್ ಬಾಯ್ ಕಲರ್ ಸೇರಿದಂತೆ 11 ಕೋಟಿ 80 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಆ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು, ಒಟ್ಟು 23,040. ಚಲಿಸುವ ಚಿತ್ರತುಣುಕುಗಳು ಏಕಕಾಲಕ್ಕೆ 40ಕ್ಕಿಂತ ಹೆಚ್ಚು ಇರುವಂತಿಲ್ಲ; ಒಂದೇ ಅಡ್ಡಸಾಲಿನಲ್ಲಿ ಹತ್ತು ದಾಟಿದರೆ ಹನ್ನೊಂದನೆಯದು ಕಾಣುವುದೇ ಇಲ್ಲ. ಕಾಣದ ಗುಂಡಿನಿಂದ ಸತ್ತರೆ ಆಡುವವನು ಯಂತ್ರವನ್ನೇ ಗೋಡೆಗೆ ಎಸೆದಾನು. ಪರದೆಯ ದ್ರವಸ್ಫಟಿಕ ನಿಧಾನದ್ದು. ಬೇಗ ಓಡುವ ವಸ್ತುವಿನ ಹಿಂದೆ ಮಸಿಯ ಗೀರು ಉಳಿಯುತ್ತದೆ. ಇನ್ನೊಂದು ತೊಡಕು ಈ ಜಾತಿಯ ಆಟಕ್ಕೇ ಮೀಸಲಾದದ್ದು. ಸ್ಪೇಸ್ ಇನ್‌ವೇಡರ್ಸ್, ಗ್ಯಾಲಕ್ಸಿಯನ್, ಜೆವಿಯಸ್ ಮೊದಲಾದ ಆಟಗಳು ಅಂಗಡಿಯ ಪೆಟ್ಟಿಗೆಗಳಲ್ಲಿದ್ದಾಗ ಅವುಗಳ ಪರದೆ ಅಗಲಕ್ಕಿಂತ ಎತ್ತರ ಹೆಚ್ಚಿದ್ದದ್ದು. ಮೇಲಿನಿಂದ ಬರುವ ಶತ್ರು ದೂರದಿಂದಲೇ ಕಾಣುತ್ತಿದ್ದ. ಗೇಮ್ ಬಾಯ್‌ನ ಪರದೆ ಎತ್ತರಕ್ಕಿಂತ ಅಗಲವೇ ಹೆಚ್ಚಿನದು. ಶತ್ರು ಕಂಡ ಕೂಡಲೆ ಮೈಮೇಲೆ ಬಿದ್ದಂತೆ. ಹೀಗಿರುವಾಗ ಎಷ್ಟು ಶತ್ರುಗಳನ್ನು, ಯಾವ ಕಡೆಯಿಂದ, ಯಾವ ವೇಗದಲ್ಲಿ ಇಳಿಸಿದರೆ ಆಡುವವನಿಗೆ ಅನ್ಯಾಯವಾಗದೆ ಕಷ್ಟವೂ ಆಗುತ್ತದೆ ಎಂದು ಆಟ ಕಟ್ಟುವವನು ಚುಕ್ಕೆ ಚುಕ್ಕೆ ಲೆಕ್ಕ ಹಾಕಬೇಕು.

ಇದನ್ನೆಲ್ಲ ತಿಳಿದುಕೊಂಡಾಗ ನನಗೆ ನೆನಪಾದದ್ದು ಕಂದಪದ್ಯ. ಒಂದು, ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣ. ಎರಡು, ನಾಲ್ಕನೆಯ ಪಾದಗಳಲ್ಲಿ ಐದು ಗಣ. ಒಟ್ಟು 64 ಮಾತ್ರೆ. ವಿಷಮ ಸ್ಥಾನದಲ್ಲಿ ಜಗಣ ಬರಬಾರದು, ಪ್ರತಿ ಅರ್ಧದ ಆರನೆಯ ಗಣ ಜಗಣವೋ ಸರ್ವಲಘುವೋ ಆಗಿರಬೇಕು, ಅರ್ಧದ ಕೊನೆಗೆ ಗುರು ಬೇಕು, ಮೇಲೆ ಆದಿಪ್ರಾಸ. ಇಷ್ಟು ಇಕ್ಕಟ್ಟಿನಲ್ಲಿ ಪಂಪನೂ ರನ್ನನೂ ನಿರಾಯಾಸವಾಗಿ ಉಸಿರಾಡಿದರು. ಇಕ್ಕಟ್ಟೇ ಕವಿಯನ್ನು ಮಾಡುವುದಿಲ್ಲ, ನಿಜ; ಆದರೆ ಕೈ ಪಳಗುವುದು ಇಕ್ಕಟ್ಟಿನಲ್ಲೇ. 1978ರಲ್ಲಿ ತೊಮೊಹಿರೊ ನಿಶಿಕಾಡೊ ಎಂಬಾತ ಸ್ಪೇಸ್ ಇನ್‌ವೇಡರ್ಸ್ ಕಟ್ಟಿದಾಗ ಶತ್ರುಗಳ ಸಂಖ್ಯೆ ಕಡಿಮೆಯಾದಂತೆಲ್ಲ ಉಳಿದವು ವೇಗವಾಗಿ ಓಡತೊಡಗಿದವು. ಅದು ಯೋಚಿಸಿ ಮಾಡಿದ್ದಲ್ಲ. ಚಿತ್ರಿಸುವ ಹೊರೆ ಇಳಿದಂತೆ ಆ ಬಡ ಯಂತ್ರ ಚುರುಕಾಗುತ್ತಿತ್ತು. ಆತ ಅದನ್ನು ತಿದ್ದದೆ ಉಳಿಸಿಕೊಂಡ. ಗೆಲುವು ಹತ್ತಿರವಾದಷ್ಟೂ ಎದೆಬಡಿತ ಏರುವ ಆ ಗುಣ ಆಟದ ಜೀವಾಳವಾಯಿತು. ಯಂತ್ರದ ದೋಷದಲ್ಲಿ ಗುಣ ಕಂಡ ಈ ಕಣ್ಣನ್ನು ರಸಿಕತೆ ಎನ್ನದೆ ಏನೆನ್ನಬೇಕು?

ಇನ್ನು ಆಡುವವನ ಪಾಡು. ಸೋಲಾರ್ ಸ್ಟ್ರೈಕರ್‌ನಲ್ಲಿ ನಿಲ್ಲಿಸಿದಲ್ಲಿಂದ ನಾಳೆ ಮುಂದುವರಿಸುವ ಸೌಕರ್ಯವಿಲ್ಲ. ಯಂತ್ರ ಆರಿಸಿದರೆ ಮತ್ತೆ ಮೊದಲ ಘಟ್ಟದಿಂದಲೇ ಮೊದಲು. ‘ಪಿ’ ಅಕ್ಷರದ ಗುರುತುಗಳನ್ನು ಆರಿಸಿಕೊಂಡಂತೆ ಆಯುಧ ಬಲಿಯುತ್ತದೆ. ಅದನ್ನು ಕೊಳ್ಳುವ ಅಂಗಡಿ ಎಲ್ಲೂ ಇಲ್ಲ. ಶತ್ರುಗಳು ಬರುವ ಕ್ರಮ ಕಲಿಯತಕ್ಕದ್ದು. ಹತ್ತು ಸಲ ಸತ್ತ ಮೇಲೆ ಹನ್ನೊಂದನೆಯ ಸಲ ಬೆರಳು ತಾನಾಗಿ ಎಡಕ್ಕೆ ಸರಿಯುತ್ತದೆ. ನಮ್ಮ ಅಜ್ಜಂದಿರು ಅಮರಕೋಶವನ್ನು ಬಾಯಿಪಾಠ ಮಾಡಿದ್ದು ಇದೇ ಬಗೆಯಲ್ಲಿ: ತಪ್ಪು, ಮೊದಲಿನಿಂದ, ಮತ್ತೆ ತಪ್ಪು, ಮತ್ತೆ ಮೊದಲಿನಿಂದ. ಆರನೆಯ ಘಟ್ಟವನ್ನು ನಾನು ದಾಟಿದ್ದು ಈ ಮೂವತ್ತು ವರ್ಷಗಳಲ್ಲಿ ಒಂದೇ ಸಲ. ಆ ರಾತ್ರಿ ಯಾರನ್ನೂ ಎಬ್ಬಿಸಿ ಹೇಳಲಿಲ್ಲ. ಯಂತ್ರವನ್ನು ಆರಿಸಿ ಮಲಗಿದೆ. ಆಟ ಮುಗಿದಿತ್ತು. ‘ಮುಗಿಯಿತು’ ಎಂದು ಹೇಳಿ ನನ್ನನ್ನು ಬಿಟ್ಟುಕೊಟ್ಟ ಆ ಸೌಜನ್ಯವನ್ನು ನನ್ನ ವಿದ್ಯಾರ್ಥಿಯ ಫೋನು ಅವನಿಗೆ ಒಂದು ದಿನವೂ ತೋರಿಸಲಿಲ್ಲ.

ಇಲ್ಲಿ ಹಿರಿಯರು ಒಂದು ಗಟ್ಟಿ ಆಕ್ಷೇಪ ಎತ್ತಬಹುದು: ‘ಎಲ್ಲ ಸರಿ, ಆದರೆ ಇದು ಕೊಲ್ಲುವ ಆಟವೇ ಅಲ್ಲವೆ?’ ಹೌದು. ನಾನು ಜಾರಿಕೊಳ್ಳುವುದಿಲ್ಲ. ಭೂಮಿಯ ರಕ್ಷಣೆ ಎಂಬ ನೆಪವನ್ನು ಆಟ ಒಂದೆರಡು ಮಾತಿನಲ್ಲಿ ಹೇಳಿ ಕೈತೊಳೆದುಕೊಳ್ಳುತ್ತದೆ. ಶತ್ರುವಿಗೆ ಮುಖವಿಲ್ಲ, ಮನೆಯಿಲ್ಲ. ರನ್ನನ ದುರ್ಯೋಧನ ರಣಭೂಮಿಯಲ್ಲಿ ಕರ್ಣನ ಶವದ ಮುಂದೆ ನಿಂತು ಅಳುವಾಗ ಓದುವವನ ಗಂಟಲೂ ಕಟ್ಟುತ್ತದೆ. ಈ ಆಟದಲ್ಲಿ ಸತ್ತವರಿಗಾಗಿ ಅಳುವವರಿಲ್ಲ, ಸತ್ತವರು ಅಂಕಗಳಾಗಿ ಮಾರ್ಪಡುತ್ತಾರೆ. ಆದ್ದರಿಂದ ಇದನ್ನು ಕಾವ್ಯವೆಂದು ನಾನು ಎಂದೂ ಹೇಳಲಾರೆ. ಗದಾಯುದ್ಧದ ಪಕ್ಕದಲ್ಲಿ ಇಡಬೇಕೆಂದರೆ ನಾನೇ ಮೊದಲು ತಡೆಯುತ್ತೇನೆ. ಇದರ ಜಾಗ ಚದುರಂಗ, ಅಳಿಗುಳಿಮಣೆಗಳ ಪಕ್ಕದಲ್ಲಿ. ಅಲ್ಲಿಯೂ ಆನೆ, ಕುದುರೆ, ಕಾಲಾಳು ಸಾಯುತ್ತಾರೆ. ಚದುರಂಗ ಆಡಿ ಯಾರೂ ಸೇನಾಪತಿಯಾದದ್ದಿಲ್ಲ, ಕೊಲೆಗಡುಕನಾದದ್ದೂ ಇಲ್ಲ. ಕಾಲಹರಣದ ಆಕ್ಷೇಪವನ್ನೂ ಒಪ್ಪುತ್ತೇನೆ. ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಕಾಯುತ್ತಿರುವಾಗ ನಾನು ಮೂರನೆಯ ಘಟ್ಟದಲ್ಲಿ ಹೆಣಗುತ್ತಿದ್ದ ರಾತ್ರಿಗಳುಂಟು. ಅದು ನನ್ನ ಸೋಮಾರಿತನ. ಆಟ ನನ್ನನ್ನು ಕರೆದಿರಲಿಲ್ಲ, ಗಂಟೆ ಬಾರಿಸಿ ಎಬ್ಬಿಸಿರಲಿಲ್ಲ.

ಇಷ್ಟು ಹೇಳಿ ನನ್ನ ಪಕ್ಷದವರನ್ನು ಹೊಗಳಿ ಬಿಟ್ಟರೆ ಅದು ವಕೀಲಿಯಾದೀತು. ಹಳೆಯ ಆಟಗಳ ಮೋಹ ಈಗ ಒಂದು ಫ್ಯಾಷನ್ನಾಗಿದೆ. ಅಂಗೈಯಗಲದ ಹೊಸ ಯಂತ್ರಗಳು ಮಾರಾಟಕ್ಕಿವೆ. ಒಂದೊಂದರಲ್ಲಿ ಸಾವಿರಾರು ಹಳೆಯ ಆಟಗಳನ್ನು ತುಂಬಿರುತ್ತಾರೆ, ಹೆಚ್ಚಿನವು ಕಟ್ಟಿದವರನ್ನು ಕೇಳದೆಯೇ. ನನ್ನ ಸಹೋದ್ಯೋಗಿಯೊಬ್ಬರು ಇಂಥದೊಂದನ್ನು ಕೊಂಡುತಂದು ಹೆಮ್ಮೆಯಿಂದ ತೋರಿಸಿದರು. ಒಂದು ಆಟವನ್ನು ಎರಡು ನಿಮಿಷ, ಇನ್ನೊಂದನ್ನು ಒಂದು ನಿಮಿಷ. ಸೋತೊಡನೆ ಬಿಟ್ಟು ಮುಂದಿನದಕ್ಕೆ. ಗ್ರಂಥಾಲಯದಲ್ಲಿ ನಿಂತು ಪುಸ್ತಕಗಳ ಬೆನ್ನಿನ ಹೆಸರುಗಳನ್ನೆಲ್ಲ ಓದಿ ಬಂದವನು ವಿದ್ವಾಂಸನಾಗುವುದಾದರೆ ಇವರೂ ರಸಿಕರೇ ಸರಿ. ಬಾಲ್ಯದ ನೆನಪಿಗಾಗಿ ಹಳೆಯದನ್ನು ಮುದ್ದಿಸುವುದಷ್ಟೇ ಸಾಲದು. ಅದು ಕೇಳುವ ಬೆಲೆಯನ್ನೂ ತೆರಬೇಕು. ಆ ಬೆಲೆ ತಾಳ್ಮೆ.

ಆದರೂ ಈ ಕಳ್ಳಪೆಟ್ಟಿಗೆಗಳನ್ನು ಪೂರ್ತಿ ಖಂಡಿಸಲು ನನಗೆ ಬಾಯಿ ಬರುವುದಿಲ್ಲ. ಏಕೆಂದರೆ ನೇರದಾರಿ ಮುಚ್ಚಿದೆ. 2023ರಲ್ಲಿ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ, ಅಮೆರಿಕದಲ್ಲಿ 2010ಕ್ಕೆ ಮೊದಲು ಹೊರಬಂದ ಆಟಗಳಲ್ಲಿ ನೂರಕ್ಕೆ 87 ಪೇಟೆಯಲ್ಲಿ ದೊರೆಯುವುದೇ ಇಲ್ಲವೆಂದು ಗೊತ್ತಾಯಿತು. ಗೇಮ್ ಬಾಯ್ ಕುಟುಂಬದ ಆಟಗಳಲ್ಲಂತೂ ದೊರೆಯುತ್ತಿದ್ದವು ನೂರಕ್ಕೆ ಆರಕ್ಕಿಂತ ಕಡಿಮೆ. ಗ್ರಂಥಾಲಯಗಳು ಅವನ್ನು ಕಾದಿಟ್ಟು ದೂರದ ಸಂಶೋಧಕರಿಗೆ ಒದಗಿಸಲು ಅನುಮತಿ ಬೇಡಿದಾಗ ಅಮೆರಿಕದ ಕೃತಿಸ್ವಾಮ್ಯ ಕಚೇರಿ 2024ರ ಅಕ್ಟೋಬರಿನಲ್ಲಿ ಆಗದೆಂದಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ 14 ಆಟಗಳನ್ನು, ಮರುವರ್ಷ ಸ್ಪೇಸ್ ಇನ್‌ವೇಡರ್ಸ್ ಮೊದಲಾದ ಇನ್ನಷ್ಟನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಆದರೆ ಬೆರಳೆಣಿಕೆಯ ಆಟಗಳಿಗೆ ಸಿಂಹಾಸನ ಹಾಕಿದರೆ ಉಳಿದ ಸಾವಿರಾರರ ಗತಿ?

ಕನ್ನಡದವರಿಗೆ ಈ ಸಂಗತಿ ನಾಟಬೇಕು. ರನ್ನ ಬರೆದನೆಂದು ಕೇಳಿದ ಪರಶುರಾಮಚರಿತ ಎಲ್ಲಿದೆ? ಪೊನ್ನನ ಭುವನೈಕರಾಮಾಭ್ಯುದಯ ಎಲ್ಲಿದೆ? ಹೆಸರು ಉಳಿಯಿತು, ಓಲೆಗರಿ ಹೋಯಿತು. ‘ಇವು ಯಾರಿಗೆ ಬೇಕು’ ಎಂದು ಅಟ್ಟದ ಮೇಲೆ ಗೆದ್ದಲಿಗೆ ಒಪ್ಪಿಸಿದವರೂ ಒಳ್ಳೆಯ ಗೃಹಸ್ಥರೇ ಇದ್ದಿರಬೇಕು. ಆಟವನ್ನು ಗೆದ್ದಲೆಂದು ಕರೆದ ನಮ್ಮ ಅಧ್ಯಕ್ಷರಿಗೆ ನಿಜವಾದ ಗೆದ್ದಲು ಯಾವುದೆಂದು ನಾನು ಬೇರೆ ಹೇಳಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ಮಕ್ಕಳು ಏನನ್ನು ಆಡಿ ಬೆಳೆದರೆಂದು ಮುಂದೆ ಒಬ್ಬ ವಿದ್ಯಾರ್ಥಿ ಕೇಳಿದರೆ, ತೋರಿಸಲು ನಮ್ಮ ಕೈಯಲ್ಲಿ ಬರಿಯ ಭಾಷಣಗಳು ಉಳಿದಾವು.

ನನ್ನ ಬೇಡಿಕೆ ದೊಡ್ಡದಲ್ಲ. ತಾಯಿತಂದೆಗಳು ಮಗುವಿನ ಕೈಯ ಫೋನನ್ನು ಕಸಿದುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಲಿ: ‘ಇದು ಯಾವಾಗ ಮುಗಿಯುತ್ತದೆ ಮಗೂ?’ ಉತ್ತರವಿದ್ದರೆ ಮುಗಿಯುವವರೆಗೆ ಪಕ್ಕದಲ್ಲಿ ಕುಳಿತು ನೋಡಲಿ; ಉತ್ತರವಿಲ್ಲದಿದ್ದರೆ ಕಸಿದುಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಕಾನೂನು ಮಾಡುವವರು ಹಣಕ್ಕೆ ಹಣ ಎಂಬ ಜೂಜನ್ನಷ್ಟೇ ಅಲ್ಲ, ಸೋಲಲು ಬಿಡದೆ ಸುಲಿಯುವ ಮುಚ್ಚಿದ ಪೆಟ್ಟಿಗೆಗಳನ್ನೂ ತೆರೆದು ನೋಡಲಿ. ನಮ್ಮ ವಿಶ್ವವಿದ್ಯಾಲಯಗಳು ಚೌಕಾಬಾರದ ಮನೆಗಳನ್ನು ದಾಖಲಿಸುವ ಶ್ರದ್ಧೆಯಲ್ಲಿ ಹತ್ತರಲ್ಲೊಂದನ್ನು ಈ ಕಡೆಗೂ ತಿರುಗಿಸಲಿ.

ನನ್ನ ವಿದ್ಯಾರ್ಥಿಯ ಹಾಸ್ಟೆಲ್ ಹಣವನ್ನು ನಾವು ನಾಲ್ಕು ಮಂದಿ ಅಧ್ಯಾಪಕರು ಸೇರಿ ಕಟ್ಟಿದೆವು. ಅವನು ಕಂತಿನಲ್ಲಿ ತೀರಿಸುತ್ತಿದ್ದಾನೆ. ಈ ಲೆಕ್ಕಕ್ಕೆ ಕೊನೆಯುಂಟೆಂದು ಅವನಿಗೆ ಗೊತ್ತು. ಒಂದು ದಿನ ಮನೆಗೆ ಬಂದವನ ಕೈಗೆ ಗೇಮ್ ಬಾಯ್ ಕೊಟ್ಟೆ. ಎರಡನೆಯ ಘಟ್ಟದಲ್ಲಿ ಸತ್ತ. ‘ಮುಂದುವರಿಸೋದು ಎಲ್ಲಿ ಸಾರ್?’ ಎಂದು ಗುಂಡಿಗಳನ್ನೆಲ್ಲ ಒತ್ತಿ ನೋಡಿದ. ‘ಇಲ್ಲ ಮಾರಾಯ, ಮೊದಲಿನಿಂದ’ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಯಂತ್ರವನ್ನು ಆರಿಸಿ, ಮೇಜಿನ ಮೇಲಿಟ್ಟು, ‘ನಾಳೆ ಬರ್ತೇನೆ’ ಎಂದು ಹೊರಟುಹೋದ.

ನಮ್ಮ ಅಧ್ಯಕ್ಷರಿಗೂ ಇದೇ ಆಹ್ವಾನ. ಒಂದು ಸಂಜೆ ಬರಲಿ. ಕಾಫಿ ಕೊಡುತ್ತೇನೆ, ನಾಲ್ಕು ಹೊಸ ಸೆಲ್ಲು ಹಾಕಿಕೊಡುತ್ತೇನೆ. ಮೊದಲ ಘಟ್ಟ ದಾಟಿದ ಮೇಲೆ ಅವರು ಇದೇ ಭಾಷಣವನ್ನು ಮತ್ತೊಮ್ಮೆ ಮಾಡುವುದಾದರೆ, ಆಗ ನಾನು ಮನಃಪೂರ್ವಕವಾಗಿಯೇ ಚಪ್ಪಾಳೆ ತಟ್ಟುತ್ತೇನೆ.